ಮಾವ ಕೂತ ಜಾಗ

ಅತ್ತೆ ಒಂದಿಷ್ಟೂ ಸದ್ದು ಮಾಡದೆ ಸೋಫಾದ ಮೆತ್ತೆ ಬಿಚ್ಚುತ್ತಿದ್ದರು. ಉದ್ದನೆಯ ಮೆತ್ತೆಯನ್ನು ನೆಲಕ್ಕೆ ಎಳೆದು ಮಗುಚಿ, ಒಂದು ಬದಿಯ ಹೊಲಿಗೆ ಕಿತ್ತು, ಒಳಗೆ ಮೊಣಕೈವರೆಗೆ ಕೈ ತೂರಿಸಿ, ಎಲ್ಲೆಲ್ಲಿ ತಗ್ಗು ಸಿಕ್ಕಿತೋ ಅಲ್ಲೆಲ್ಲ ಹೊಸ ಹತ್ತಿಯ ಉಂಡೆ ತುರುಕಿದರು. ಆಮೇಲೆ ದಬ್ಬಳದಿಂದ ಮತ್ತೆ ಹೊಲಿದು, ಗಂಜಿ ಹಾಕಿ ಇಸ್ತ್ರಿ ಮಾಡಿದ್ದ ನೀಲಿ ಹೊದಿಕೆ ತೊಡಿಸಿ, ಅಂಗೈಯಿಂದ ಸವರಿ ಸವರಿ ಸಮ ಮಾಡಿದರು. ಪಕ್ಕದ ಕೋಣೆಯಲ್ಲಿ ಅಳಿಯ ಮಲಗಿದ್ದ. ಅವನ ನಿದ್ದೆ ಕೆಡಬಾರದೆಂದು ಹತ್ತಿಯ ಎಳೆ ಮೂಗಿಗೆ ಹೋದಾಗಲೂ ಸೀನನ್ನು ನುಂಗಿಕೊಂಡಿದ್ದರು.

ಇಷ್ಟೊಂದು ಅಕ್ಕರೆಯಿಂದ ಒಬ್ಬ ಮನುಷ್ಯನ ಬದುಕಿಗೆ ಮಣ್ಣು ಹಾಕಿದವರು ಆ ಬೀದಿಯಲ್ಲಿ ಹಿಂದೆ ಯಾರೂ ಇರಲಿಲ್ಲ.

ಅಳಿಯ ಎದ್ದು ಬಂದ. ಒಂದು ಕೈಯಲ್ಲಿ ರಸಮಟ್ಟ, ಇನ್ನೊಂದರಲ್ಲಿ ದಾರದುಂಡೆ, ಕಿವಿಯ ಮೇಲೆ ಪೆನ್ಸಿಲ್, ಜೇಬಿನಲ್ಲಿ ಒಂದು ಗಾಜಿನ ಗೋಲಿ. ಫೋಟೋ ತೆಗೆಸಿಕೊಳ್ಳಲು ಹೊರಟವನ ಹಾಗೆ ತಲೆ ಬಾಚಿಕೊಂಡಿದ್ದ. ಸೋಫಾ ನೋಡಿದ. ದಾರದುಂಡೆ ಕೈಜಾರಿ ಬಾಗಿಲವರೆಗೂ ಉರುಳಿಕೊಂಡು ಹೋಯಿತು.

“ಅತ್ತೆ, ಇದ್ರಲ್ಲಿದ್ದ ಗುಂಡಿ ಎಲ್ಲಿ?”

“ಮುಚ್ಚಿದೆ,” ಎಂದರು ಅತ್ತೆ, ಹೆಮ್ಮೆಯಿಂದ. “ದೊಡ್ಡ ಮನುಷ್ಯರು ಬರ್ತಾರೆ ಅಂತ ನೀವೇ ಅಲ್ವಾ ಹೇಳಿದ್ದು. ಆ ಗುಂಡಿಬಿದ್ದ ಸೋಫಾ ತೋರಿಸಿದ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು ಅಳಿಯಂದ್ರೇ.”

ಅಳಿಯ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಅತ್ತೆ ಅದನ್ನು ಕೃತಜ್ಞತೆ ಎಂದು ತಿಳಿದು ಕಾಫಿ ತರಲು ಒಳಗೆ ಹೋದರು.

ಅವನ ಕೆಲಸದ ಬಗ್ಗೆ ಇಲ್ಲಿ ಎರಡು ಮಾತು ಹೇಳದಿದ್ದರೆ ಆ ಕುಸಿತ ಅರ್ಥವಾಗುವುದಿಲ್ಲ. ಅವನು ಗಾಲ್ಫ್ ಮೈದಾನಗಳನ್ನು ರೂಪಿಸುವ ಆರ್ಕಿಟೆಕ್ಟ್. ಮನೆ ಕಟ್ಟಿಸುವವನು ಎಂದಿದ್ದರೆ ಬೀದಿಯವರು ಕುರ್ಚಿ ಕೊಟ್ಟು ಮಾತಾಡಿಸುತ್ತಿದ್ದರೇನೋ. ಗೋಡೆಯಿಲ್ಲದ, ಬಾಗಿಲಿಲ್ಲದ, ಬರೀ ಹುಲ್ಲು ಬೆಳೆದ ಬಯಲಿಗೆ ಆರ್ಕಿಟೆಕ್ಟ್ ಏಕೆ ಬೇಕು ಎಂಬುದು ಯಾರ ತಲೆಗೂ ಹೋಗುತ್ತಿರಲಿಲ್ಲ. ಕೇಳಿದವರಿಗೆಲ್ಲ ಮಾವ ಒಂದೇ ಉತ್ತರ ಕೊಡುತ್ತಿದ್ದರು: “ನಮ್ಮ ಅಳಿಯಂದ್ರು ಗುಂಡಿ ತೋಡ್ತಾರೆ. ಹದಿನೆಂಟು ತೋಡಿದ್ರೆ ಒಂದು ಕೆಲಸ ಮುಗೀತು.” ಅಂದಿನಿಂದ ಬೀದಿಗೆಲ್ಲ ಅವನು ಗುಂಡಿ ಅಳಿಯ. ಅವನಿದ್ದದ್ದು ಮಾವನ ಮನೆಯಲ್ಲೇ ಆದ್ದರಿಂದ ಹೆಸರು ಸರಾಗವಾಗಿ ಅಂಟಿಕೊಂಡಿತು.

ಗುಂಡಿ ತೋಡುವುದೇನೋ ಸುಲಭ. ಕಷ್ಟವಿರುವುದು ಅದರ ಸುತ್ತ ಹಾಸುವ ನುಣುಪಾದ ಹುಲ್ಲಿನ ಅಂಗಳದಲ್ಲಿ. ಅದಕ್ಕೆ ಗ್ರೀನ್ ಎನ್ನುತ್ತಾರೆ. ನೋಡಲು ಸಮತಟ್ಟು, ಒಳಗೆಲ್ಲ ಕಳ್ಳತನ. ಇಲ್ಲೊಂದು ಏರು, ಅಲ್ಲೊಂದು ಇಳಿಜಾರು. ಚೆಂಡು ನೆಟ್ಟಗೆ ಗುಂಡಿಯ ಕಡೆಗೇ ಬಂದು, ಕೊನೇ ಗಳಿಗೆಯಲ್ಲಿ ಬೇಡದ ನೆಂಟನನ್ನು ಕಂಡವನ ಹಾಗೆ ಪಕ್ಕಕ್ಕೆ ತಿರುಗಿಬಿಡಬೇಕು. ಮಳೆ ಬಂದರೆ ಹನಿ ನೀರೂ ನಿಲ್ಲಬಾರದು. ದಾರಿ ತಪ್ಪಿದ ಚೆಂಡನ್ನು ನುಂಗಲು ಪಕ್ಕದಲ್ಲೊಂದು ಬಿಳಿ ಮರಳಿನ ಗುಳಿ ಇರಬೇಕು. ಊರಾಚೆಯ ಕ್ಲಬ್ಬಿಗೆಂದು ಅಳಿಯ ಇಂಥ ಹದಿನೇಳು ಅಂಗಳ ಮಾಡಿ ಮುಗಿಸಿದ್ದ. ಹದಿನೆಂಟನೆಯದು ಮಾತ್ರ ಬಗ್ಗುತ್ತಿರಲಿಲ್ಲ. ಕ್ಲಬ್ಬಿನ ಅಧ್ಯಕ್ಷೆ ಹಿಂದೆ ಹೈಸ್ಕೂಲಿನ ಹೆಡ್‌ಮಿಸ್ ಆಗಿದ್ದವರು. ಅವನ ಮಣ್ಣಿನ ಮಾದರಿಗಳಲ್ಲಿ ಒಂದನ್ನು ನೋಡಿ “ಊಟದ ತಟ್ಟೆ” ಅಂದರು, ಇನ್ನೊಂದನ್ನು “ಮಕ್ಕಳ ಜಾರುಬಂಡೆ” ಅಂದರು, ಮೂರನೆಯದನ್ನು ನೋಡಿ ಏನೂ ಅನ್ನದೆ ಕನ್ನಡಕ ಒರೆಸಿಕೊಂಡರು. ಇವತ್ತೂ ಒಪ್ಪಿಗೆಯಾಗದಿದ್ದರೆ ಕೊನೆಯ ಗ್ರೀನನ್ನು ಅಳಿಯನ ಹಳೆಯ ಯಜಮಾನನಿಗೆ ಕೊಡುವುದೆಂದು ತೀರ್ಮಾನವಾಗಿತ್ತು.

ಆ ಯಜಮಾನನ ಕೈಕೆಳಗೆ ಅಳಿಯ ತನ್ನ ಕೂದಲು ದಟ್ಟವಾಗಿದ್ದ ಕಾಲವನ್ನೆಲ್ಲ ಕಳೆದಿದ್ದ. ಬಿಸಿಲಲ್ಲಿ ನಿಂತು ಮಣ್ಣು ಗೀರುವವನು ಇವನು. ಯಜಮಾನ ದೊಡ್ಡ ಟೋಪಿ ಹಾಕಿಕೊಂಡು ಬಂದು, ಸೊಂಟದ ಮೇಲೆ ಕೈಯಿಟ್ಟು ನೋಡಿ, “ಹ್ಞೂಂ” ಎಂದು ಹೋಗುವನು. ಮೈದಾನದ ಬಾಗಿಲಲ್ಲಿ ನಿಲ್ಲಿಸುವ ಕಲ್ಲಿನ ಮೇಲೆ ಆ ಹ್ಞೂಂ ಅಂದವನ ಹೆಸರು. ಹಾಗಾಗಿ ಈ ಕ್ಲಬ್ಬಿನ ಕೆಲಸ ಸ್ವಂತಕ್ಕೆ ಸಿಕ್ಕಾಗ ಅಳಿಯ ಜೀವಮಾನದಲ್ಲಿ ಮೊದಲ ಸಲ ಧೈರ್ಯ ಮಾಡಿ ಅಧ್ಯಕ್ಷೆಯ ಮುಂದೆ ಒಂದು ಷರತ್ತು ಇಟ್ಟ. ಕಲ್ಲಿನ ಮೇಲೆ ನೋಡಿದವರ ಹೆಸರು ಬೇಡ, ಕೊನೆಯ ಗ್ರೀನನ್ನು ಯಾರು ತಮ್ಮ ಮೈ ದಂಡಿಸಿ ರೂಪಿಸಿದರೋ ಅವರ ಹೆಸರು ಮಾತ್ರ ಇರಬೇಕು. ಅಧ್ಯಕ್ಷೆಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಅದನ್ನೇ ಕ್ಲಬ್ಬಿನ ನಿಯಮ ಮಾಡಿಬಿಟ್ಟರು. ಕಲ್ಲೂ ಸಿದ್ಧವಾಗಿತ್ತು. ಮೇಲೆ ಕ್ಲಬ್ಬಿನ ಹೆಸರು, ಕೆಳಗೆ ಖಾಲಿ. ಆ ಖಾಲಿ ಜಾಗವನ್ನು ಅಳಿಯ ವಾರಕ್ಕೊಮ್ಮೆ ಹೋಗಿ ಮುಟ್ಟಿ ಬರುತ್ತಿದ್ದ.

ಇನ್ನು ಸೋಫಾ. ಹಿಂದಿನ ದಿನ ಸಂಜೆ ಪೆನ್ಸಿಲ್ ಬಿತ್ತೆಂದು ಅವನು ನೆಲಕ್ಕೆ ಕೆನ್ನೆ ಹಚ್ಚಿ ಹುಡುಕುತ್ತಿದ್ದಾಗ ಕಿಟಕಿಯ ಓರೆ ಬೆಳಕು ಮಾವನ ಸೋಫಾದ ಮೇಲೆ ಬಿದ್ದಿತ್ತು. ಮಾವ ಬಸ್ ಡ್ರೈವರ್ ಆಗಿದ್ದವರು. ಗೇರಿನ ಕಡೆಗೆ ಎಡಕ್ಕೆ ವಾಲಿ ಕೂರುವ ಅಭ್ಯಾಸ ನಿವೃತ್ತಿಯಾದ ಮೇಲೂ ಹೋಗಿರಲಿಲ್ಲ. ಟೀವಿಯಲ್ಲಿ ಕಾರುಗಳು ಅಟ್ಟಿಸಿಕೊಂಡು ಹೋದರೆ ಅವರ ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು. ಹಾಗೆ ವರ್ಷಗಟ್ಟಲೆ ಕೂತು, ವಾಲಿ, ಬ್ರೇಕ್ ಒತ್ತಿ ಆ ಮೆತ್ತೆಯಲ್ಲಿ ಎಡಕ್ಕೊಂದು ಆಳದ ತಗ್ಗು, ಬಲಕ್ಕೊಂದು ತೆಳು ತಗ್ಗು, ನಡುವೆ ನಾಜೂಕಾದ ದಿಬ್ಬ, ಹಿಂದೆ ಭುಜದಂತೆ ಏರು, ಮುಂದೆ ಬ್ರೇಕಿನ ತೊಡೆ ತೀಡಿ ಸವೆದ ಒಂದು ಇಳಿಜಾರು ಮೂಡಿದ್ದವು. ತಿಂಗಳುಗಟ್ಟಲೆ ಹುಡುಕಿದ ಹದಿನೆಂಟನೆಯ ಗ್ರೀನ್ ಅವನ ಮೂಗಿನ ಮುಂದೆಯೇ ಇತ್ತು. ಫೋಟೋ ತೆಗೆದು ನೋಡಿದ, ಹಳೇ ಸೋಫಾದ ಫೋಟೋ ಬಂತು. ಬೆಳಕು ಹೋಗುತ್ತಿತ್ತು. ಬೆಳಿಗ್ಗೆ ಅಳತೆ ತೆಗೆದರಾಯಿತೆಂದು ಅಧ್ಯಕ್ಷೆಗೆ ಫೋನ್ ಮಾಡಿ, ಕೊನೆಯ ಗ್ರೀನ್ ಸಿಕ್ಕಿತು, ಮಧ್ಯಾಹ್ನ ಮನೆಗೇ ಬನ್ನಿ ಎಂದಿದ್ದ. ಅತ್ತೆಗೆ, ದೊಡ್ಡ ಮನುಷ್ಯರು ಬರುತ್ತಾರೆ ಎಂದಷ್ಟೇ ಹೇಳಿದ್ದ. ಹೆಚ್ಚು ಹೇಳಲು ನಾಚಿಕೆ. ಹೆಣ್ಣು ಕೊಟ್ಟ ಮಾವ ಕೂತೆದ್ದ ಜಾಗ ತನ್ನ ಬದುಕಿನ ದೊಡ್ಡ ಕೃತಿ ಎಂದು ಯಾವ ಅಳಿಯ ತಾನೇ ಬಾಯಿಬಿಟ್ಟು ಹೇಳಿಯಾನು?

ಕಾಫಿ ಆರುವ ಮೊದಲೇ ಮಾವ ವಾಕಿಂಗ್ ಮುಗಿಸಿ ಬಂದರು. ಸೋಫಾದ ಕಡೆ ನೋಡದೆ, ವರ್ಷಗಳ ನಂಬಿಕೆಯಿಂದ ಹಿಂದಕ್ಕೆ ಬಿದ್ದರು. ಗಂಜಿ ಹಾಕಿದ ಹೊದಿಕೆ ಅವರನ್ನು ಹಿಡಿಯಲಿಲ್ಲ. ಉಬ್ಬಿದ ಮೆತ್ತೆಯ ಮೇಲಿಂದ ಸರ್ರನೆ ಜಾರಿ ನೆಲಕ್ಕೆ ಬಂದು ಕೂತರು. ಕೈಯಲ್ಲಿದ್ದ ಪೇಪರ್ ಮಾತ್ರ ಹಾಗೇ ಬಿಚ್ಚಿಕೊಂಡಿತ್ತು.

“ಈ ಮನೇಲಿ ನನಗೆ ಅಂತ ಇದ್ದದ್ದು ಅದೊಂದೇ ಜಾಗ,” ಎಂದರು ನೆಲದಿಂದಲೇ. “ಅದಕ್ಕೂ ಹತ್ತಿ ಇಟ್ಟುಬಿಟ್ರಾ?”

ಅಳಿಯನಿಗೆ ಆಸೆ ಚಿಗುರಿತು. ಮಾವ ಮನಸ್ಸು ಮಾಡಿ ಮಧ್ಯಾಹ್ನದವರೆಗೂ ಕೂತರೆ ತಗ್ಗು ಮತ್ತೆ ಬಿದ್ದರೂ ಬಿದ್ದೀತು. ಕೈ ಕೊಟ್ಟು ಎಬ್ಬಿಸಿ, “ಮಾವ, ದಯವಿಟ್ಟು ಕೂತ್ಕೊಳ್ಳಿ,” ಎಂದ.

“ಏನ್ರೀ, ನನ್ನ ಮನೇಲಿ ನನಗೇ ಕೂತ್ಕೊಳ್ಳಿ ಅಂತ ಉಪಚಾರ ಮಾಡ್ತೀರಾ?”

“ಹಾಗಲ್ಲ ಮಾವ. ನಿಮ್ಮ... ಅಂದ್ರೆ ನೀವು ಕೂತಾಗ... ಆ ಎಡಗಡೆ...”

ಅಳಿಯನ ಕಿವಿ ಕೆಂಪಗಾಯಿತು. ಮಾವ ಒಂದು ಕ್ಷಣ ಕಾದು ನೋಡಿ, ತಮ್ಮ ಜಾಗ ಮೊದಲಿನ ಹಾಗಾಗುವವರೆಗೆ ಈ ಮನೆಯಲ್ಲಿ ಕೂರುವುದೇ ಇಲ್ಲವೆಂದು ಶಪಥ ಮಾಡಿ, ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟುಹೋದರು.

ಅಳಿಯ ಹೆಂಡತಿಗೆ ಫೋನ್ ಮಾಡಿದ. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸದಲ್ಲಿದ್ದಳು. ಇವನು ಪಿಸುಮಾತಿನಲ್ಲಿ ಎಲ್ಲ ವಿವರಿಸಿದ. ಆ ಕಡೆಯಿಂದ ನಗು ಕೇಳಿಸಿತು. ನಗು ನಿಲ್ಲಿಸಲು ಅವಳಿಗೆ ಯಾರೋ ನೀರು ಕೊಟ್ಟದ್ದೂ ಕೇಳಿಸಿತು.

“ರೀ, ಅಪ್ಪನಿಗೆ ಇದನ್ನೇ ನೇರವಾಗಿ ಹೇಳಿ. ಖುಷಿಪಡ್ತಾರೆ,” ಎಂದಳು. ಇದೊಂದನ್ನು ಬಿಟ್ಟು ಬೇರೆ ಯಾವ ಉಪಾಯವಾದರೂ ಅವನಿಗೆ ಒಪ್ಪಿಗೆಯಿತ್ತು.

ಮೊದಲು ಹೊಸ ಹತ್ತಿ ತೆಗೆಯೋಣವೆಂದು ಮೆತ್ತೆಯನ್ನು ಜಗಲಿಗೆ ಎಳೆದು, ಹೊದಿಕೆ ಕಳಚಿ, ಹೊಲಿಗೆ ಕಿತ್ತ. ಹೊಸ ಹತ್ತಿಯ ಜೊತೆ ಹಳೆಯದೂ ಬಂತು. ಗಾಳಿ ಬೀಸಿತು. ಬೀದಿಯ ಮೇಲೆ ಹತ್ತಿ ತೇಲತೊಡಗಿದ್ದೇ ತಡ, ಎದುರು ಮನೆಯ ಕಂಡಕ್ಟರ್ ಗೇಟು ದಾಟಿ ಬಂದರು. ಮಾವನ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದವರು. ಕೆಲಸ ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ. ಅವರ ಹಿಂದೆ ಮಹಡಿ ಮೇಲಿನ ಟೈಲರಮ್ಮ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಇಳಿದು ಬಂದರು. ಮೂಲೆಯ ಬೇಕರಿಯವರು ಅಂಗಡಿ ಬಾಗಿಲು ಮುಂದಕ್ಕೆ ಮಾಡಿ ಬಂದರು. ಸೋಫಾ ಮಾರಾಟಕ್ಕಿದೆ ಎಂದು ಒಬ್ಬರು, ಒಳಗೆ ಏನೋ ಬಚ್ಚಿಟ್ಟಿದ್ದರಂತೆ ಎಂದು ಇನ್ನೊಬ್ಬರು. ಮಾವನನ್ನು ಅಳಿಯ ಹೊರಗೆ ಹಾಕಿದನೆಂಬ ಸುದ್ದಿ ಆಗಲೇ ಮುಂದಿನ ಬೀದಿ ತಲುಪಿತ್ತು.

ನಾಲ್ಕು ಜನರ ಮುಂದೆ ಮಾವನ ಮಾತೆತ್ತಲು ನಾಚಿ, ಮೆತ್ತೆಯಲ್ಲಿ ಮೊದಲಿದ್ದ ತಗ್ಗು ಮತ್ತೆ ಬೇಕು, ಕೆಲಸಕ್ಕೆ ಸಂಬಂಧಪಟ್ಟದ್ದು ಎಂದಷ್ಟೇ ಅಳಿಯ ಹೇಳಿದ.

“ಯಾರ ಅಳತೆ?” ಎಂದರು ಟೈಲರಮ್ಮ ಟೇಪು ಎಳೆಯುತ್ತ.

ಅಳಿಯ ಬಸ್ ಸ್ಟ್ಯಾಂಡಿನ ದಿಕ್ಕಿಗೆ ಗದ್ದ ಎತ್ತಿ ತೋರಿಸಿದ. ಟೈಲರಮ್ಮ ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. “ಅವರದ್ದು ಪ್ಯಾಂಟಿನ ಅಳತೆ ನನ್ನ ಹತ್ರ ಇದೆ. ಕೂತಾಗಿಂದು ಯಾರೂ ಕೊಟ್ಟಿಲ್ಲಪ್ಪ.”

ಕಂಡಕ್ಟರಿಗೆ ಜವಾಬ್ದಾರಿ ಎಂದರೆ ಪ್ರಾಣ. ಎಲ್ಲರನ್ನೂ ಸಾಲು ನಿಲ್ಲಿಸಿದರು. ಮೆತ್ತೆ ಸೋಫಾದ ಮೇಲೆ ಬಂತು. ಅಳಿಯ ನೆಲಕ್ಕೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ ಮಲಗಿದ. ಒಂದು ಸೀಟಿಗೆ ಕೂರಬೇಕು, ಎರಡಕ್ಕೆ ಏಳಬೇಕು. ಮೊದಲು ಟೈಲರಮ್ಮ ಕೂತರು. ಮಿಷನ್ ತುಳಿಯುವ ಅಭ್ಯಾಸದಿಂದ ಎರಡೂ ಕಾಲು ಕುಣಿಸಿ ಮೆತ್ತೆಯ ಮುಂಭಾಗವನ್ನೆಲ್ಲ ಚಪ್ಪಟೆ ಮಾಡಿದರು. ಕಂಡಕ್ಟರ್ ಕೂತದ್ದೇ ಗೊತ್ತಾಗಲಿಲ್ಲ. ಆಯುಸ್ಸಿಡೀ ನಿಂತೇ ಬಂದ ಮನುಷ್ಯ, ಕೂತರೂ ಅರ್ಧ ನಿಂತ ಹಾಗೆ ತುದಿಯಲ್ಲಿದ್ದರು. ಬೇಕರಿಯವರಿಗೆ ಮಾವನಷ್ಟೇ ಮೈಕಟ್ಟು. ಅವರು ಕೂತಾಗ ಎಲ್ಲರೂ ಆಸೆಯಿಂದ ಬಗ್ಗಿ ನೋಡಿದರು. ಎದ್ದ ಮೇಲೆ ನೋಡಿದರೆ ನಡುಮಧ್ಯೆ ಒಂದು ದುಂಡನೆಯ ಕುಳಿ, ಬನ್ನಿನ ಅಚ್ಚಿನ ಹಾಗೆ.

“ಎಡಕ್ಕೆ ವಾಲಬೇಕು,” ಎಂದ ಅಳಿಯ ನೆಲದಿಂದ.

“ವಾಲಿದ್ರೆ ಬೆನ್ನು ಹಿಡಿಯುತ್ತೆ ಕಣ್ರೀ,” ಎಂದರು ಬೇಕರಿಯವರು. “ತಾಳಿ, ಬೆನ್ನೇ ಇಲ್ಲದ ವಸ್ತು ತರ್ತೀನಿ.”

ಅವರು ತಂದದ್ದು ಮೈದಾ ಹಿಟ್ಟಿನ ಮೂಟೆ. ಅದನ್ನು ಎಡಕ್ಕೆ ಎತ್ತಿ ಕುಕ್ಕಿದರೆ ಮಾವನ ಎಡಗಡೆಯಷ್ಟು ತಗ್ಗು ಬೀಳುತ್ತದೆಂದು ಲೆಕ್ಕ. ಬೇಕರಿಯವರು ಒಂದು ತುದಿ ಹಿಡಿದರು, ಅಳಿಯ ಇನ್ನೊಂದು. ಕಂಡಕ್ಟರ್ ಇನ್ನೂ ಎಡಕ್ಕೆ ಎಂದರು, ಟೈಲರಮ್ಮ ಸ್ವಲ್ಪ ಬಲಕ್ಕೆ ಎಂದರು. ಮೂಟೆಗೆ ಯಾರ ಮಾತು ಕೇಳುವುದೋ ತಿಳಿಯದೆ ನಡುವೆ ಹರಿಯಿತು. ಸೋಫಾದ ಬಲಮೂಲೆಗೆ ಹಿಟ್ಟು ದಿಬ್ಬವಾಗಿ ಸುರಿಯಿತು. ಉಳಿದದ್ದು ಅಳಿಯನ ತಲೆ, ಹುಬ್ಬು, ಮೀಸೆಗೆ ಸಮನಾಗಿ ಹಂಚಿಹೋಯಿತು.

ಅತ್ತೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಹಿಟ್ಟನ್ನೊಮ್ಮೆ ನೋಡಿ ಪೊರಕೆ ತರಲು ಹೋದರು. ಅದೇ ಹೊತ್ತಿಗೆ ಗೇಟಿನ ಹತ್ತಿರ ಮಾವನ ಧ್ವನಿ ಕೇಳಿಸಿತು.

“ಗುಂಡಿ ತೋಡೋರ ಮನೆ ತಾನೇ? ಇದೇ, ಬನ್ನಿ ಬನ್ನಿ. ಕೂರೋಕೆ ಮಾತ್ರ ಜಾಗ ಕೇಳ್ಬೇಡಿ.”

ಮಾವ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸುಗಳ ಡ್ರೈವರ್ ಸೀಟುಗಳಲ್ಲೆಲ್ಲ ಕೂತು ನೋಡಿ, ಯಾವುದೂ ಮೈಗೆ ಒಗ್ಗದೆ, ಹಸಿದು, ಕಾಲು ಸೋತು ಮನೆಗೆ ಬರುತ್ತಿದ್ದರು. ದಾರಿಯಲ್ಲಿ ಅಧ್ಯಕ್ಷೆ ಸಿಕ್ಕು ವಿಳಾಸ ಕೇಳಿದ್ದರು. ಅಧ್ಯಕ್ಷೆಯ ಜೊತೆ ಕಲ್ಲು ಕೆತ್ತುವವನೂ ಇದ್ದ. ಗ್ರೀನ್ ಒಪ್ಪಿಗೆಯಾದರೆ ಇವತ್ತೇ ಹೆಸರು ಬರೆದುಕೊಳ್ಳಲೆಂದು ಅವನನ್ನೂ ಕರೆತಂದಿದ್ದರು. ಶಿಸ್ತಿನ ಹೆಂಗಸು, ಒಂದೇ ಓಡಾಟದಲ್ಲಿ ಎರಡು ಕೆಲಸ ಮುಗಿಯಬೇಕು.

ಅಧ್ಯಕ್ಷೆ ಒಳಗೆ ಬಂದು ಹೊದಿಕೆಯಿಲ್ಲದ ಸೋಫಾ, ತೇಲುವ ಹತ್ತಿ, ಹಿಟ್ಟಿನಲ್ಲಿ ಅದ್ದಿ ತೆಗೆದಂತಿದ್ದ ಆರ್ಕಿಟೆಕ್ಟ್ ಎಲ್ಲವನ್ನೂ ಕನ್ನಡಕದ ಮೇಲಿಂದ ನೋಡಿದರು. ತರಗತಿಗೆ ತಡವಾಗಿ ಬಂದವನನ್ನು ನೋಡುವ ನೋಟ ಅದು. ಗ್ರೀನ್ ಎಲ್ಲಿ ಎಂದು ಕೇಳಿದರು. ಅಳಿಯ ಬಾಯಿ ತೆರೆದ. ಸ್ವಲ್ಪ ಹಿಟ್ಟು ಹಾರಿತು, ಅಷ್ಟೇ. ಹಳೆಯ ಯಜಮಾನನ ಟೋಪಿ ಆಗಲೇ ಬಾಗಿಲ ಹೊರಗೆ ನಿಂತ ಹಾಗೆ ಅವನಿಗೆ ಕಂಡಿತು.

ಅಷ್ಟರಲ್ಲಿ ಮಾವನಿಗೆ ತಮ್ಮ ಶಪಥ ಮರೆತುಹೋಗಿತ್ತು. “ಅಯ್ಯಪ್ಪಾ ಸಾಕಾಯ್ತು,” ಎನ್ನುತ್ತ ಸೋಫಾದ ಕಡೆ ಬೆನ್ನು ತಿರುಗಿಸಿದರು. ಮಾವ ಹಿಟ್ಟಿನ ಮೇಲೆ ಕೂರುತ್ತಾರೆಂದು ಗಾಬರಿಯಾಗಿ ಕಂಡಕ್ಟರ್ ಉದ್ದನೆಯ ಒಂದು ಸೀಟಿ ಊದಿದರು.

ಬಸ್ಸಿನಲ್ಲಿ ಆ ಸೀಟಿಗೆ ಒಂದೇ ಅರ್ಥ: ನಿಲ್ಲಿಸು. ಆದರೆ ಮಾವ ಆಗಲೇ ಗಾಳಿಯಲ್ಲಿದ್ದರು. ಮೆತ್ತೆಗೆ ಬೀಳುವುದಕ್ಕೂ ಸೀಟಿ ಕಿವಿಗೆ ಬೀಳುವುದಕ್ಕೂ ಸರಿಹೋಯಿತು. ಎಡಗೈ ಇಲ್ಲದ ಗೇರನ್ನು ಹಿಡಿಯಿತು, ಮೈಯೆಲ್ಲ ಎಡಕ್ಕೆ ವಾಲಿತು, ಬೆನ್ನು ಹಿಂದಕ್ಕೆ ಒತ್ತಿತು, ಬಲಗಾಲು ಶಕ್ತಿಯನ್ನೆಲ್ಲ ಹಾಕಿ ಬ್ರೇಕ್ ತುಳಿಯಿತು. ಬಸ್ ತುಂಬ ಜನರನ್ನು ಉಳಿಸಿದ ಮುಖಭಾವದಲ್ಲಿ ಮಾವ ಹಾಗೇ ಕೂತುಬಿಟ್ಟರು. ಹೊಲಿಗೆ ಬಿಚ್ಚಿದ್ದ ಮೆತ್ತೆ ತನ್ನ ಒಡೆಯನನ್ನು ಕಂಡ ನಾಯಿಯ ಹಾಗೆ ಅವರ ಕೆಳಗೆ ಮೆತ್ತಗೆ ಒರಗಿಕೊಂಡಿತು.

ಅಳಿಯ ಬಗ್ಗಿ ಮಾವನ ಕೆಳಗಿನ ಮೆತ್ತೆ ನೋಡಿದ.

“ಮಾವ, ಏಳಿ.”

“ಬೆಳಿಗ್ಗೆ ಕೂತ್ಕೊಳ್ಳಿ ಅಂದ್ರಿ. ಈಗ ಏಳಿ ಅಂತೀರಾ?” ಮಾವನ ಹುಬ್ಬು ಗಂಟಿಕ್ಕಿತು. “ನಾನೇನು ನಿಮ್ಮನೆ ಬಾಡಿಗೆಯೋನಾ?” ಹೀಗೆನ್ನುತ್ತ ಒಂಚೂರು ಅಲುಗಿದರು. ಇನ್ನೊಂದು ಸಲ ಅಲುಗಿದರೆ ಎಲ್ಲ ಮುಗಿಯಿತು.

ಆಗ ಅಳಿಯನ ನಾಚಿಕೆ ಒಡೆಯಿತು. “ಮಾವ, ಅಲ್ಲಾಡ್ಬೇಡಿ. ಈ ಕೆಲಸಕ್ಕೆ ಸೇರಿದಾಗಿಂದ ಎಷ್ಟೋ ಬೆಟ್ಟ ಗುಡ್ಡ ನೋಡಿದೀನಿ. ನೀವು ಕೂತ ಜಾಗದಷ್ಟು ಚೆಂದದ ಜಾಗ ಎಲ್ಲೂ ನೋಡಿಲ್ಲ. ನಿಧಾನಕ್ಕೆ ಎದ್ದು ಈಚೆ ಬನ್ನಿ. ಎಲ್ಲರೂ ನೋಡ್ಲಿ.”

ಮಾವ ಹೆಂಡತಿಯ ಮುಖ ನೋಡಿದರು, ಕಂಡಕ್ಟರ್ ಮುಖ ನೋಡಿದರು. ಅಷ್ಟು ವರ್ಷ ಅಪಘಾತವಿಲ್ಲದೆ ಬಸ್ ಓಡಿಸಿದಾಗಲೂ ಯಾರೂ ಅವರಿಗೆ ಇಂಥ ಮಾತು ಹೇಳಿರಲಿಲ್ಲ. ನಿದ್ದೆ ಹೋದ ಮಗುವನ್ನು ತೊಡೆಯಿಂದ ಇಳಿಸುವವರ ಹಾಗೆ, ಎರಡೂ ಕೈಯೂರಿ, ಮೆಲ್ಲಗೆ ಎದ್ದರು.

ಅದು ಅಲ್ಲೇ ಇತ್ತು. ಎಡದ ತಗ್ಗು, ಬಲದ ತಗ್ಗು, ನಡುವಿನ ದಿಬ್ಬ, ಹಿಂದಿನ ಭುಜ, ಮುಂದಿನ ಇಳಿಜಾರು. ನಿನ್ನೆಗಿಂತ ಒಂದು ಕೈ ಹೆಚ್ಚೇ ಚೆಂದವಾಗಿತ್ತು.

ಟೈಲರಮ್ಮ ಮೇಲಕ್ಕೆ ಓಡಿ ಮಳೆಯಂಗಿ ಹೊಲಿಯಲೆಂದು ತಂದಿದ್ದ ತೆಳು ಹಸಿರು ಬಟ್ಟೆ ತಂದು, ಹಿಟ್ಟಿನ ಮೂಲೆಯೊಂದನ್ನು ಬಿಟ್ಟು ಹೊದಿಸಿದರು. ಅಳಿಯ ಜೇಬಿನಿಂದ ಗೋಲಿ ತೆಗೆದು ಹಿಂದಿನ ಏರಿನಿಂದ ಬಿಟ್ಟ. ಗೋಲಿ ನೇರ ಬಲಕ್ಕೆ ಹೊರಟು, ದಿಬ್ಬದ ಮೇಲೆ ನಿಂತು ಯೋಚನೆ ಮಾಡಿ, ಮನಸ್ಸು ಬದಲಿಸಿ ಎಡಕ್ಕೆ ಇಳಿದುಹೋಯಿತು. ಅಧ್ಯಕ್ಷೆ ಕನ್ನಡಕ ತೆಗೆದು ಬೇಕರಿಯವರ ಕೈಗೆ ಕೊಟ್ಟು, ನೆಲಕ್ಕೆ ಬೋರಲು ಮಲಗಿದರು. ಗೋಲಿಯನ್ನು ತಾವೇ ಬಿಟ್ಟು ನೋಡಿದರು. ಇನ್ನೊಂದು ಕಡೆಯಿಂದ ಬಿಟ್ಟರು. ಪ್ರತಿ ಸಲವೂ ಅದು ಅವರಿಗೆ ಮೋಸ ಮಾಡಿತು. ಅಷ್ಟು ಜೋರಾಗಿ ನಗುವುದು ಅವರಿಗೆ ಬರುತ್ತದೆಂದು ಕಲ್ಲು ಕೆತ್ತುವವನಿಗೂ ಗೊತ್ತಿರಲಿಲ್ಲ.

ಮಳೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಅಳಿಯ ಒಂದು ಲೋಟ ನೀರು ಸುರಿದ. ಅತ್ತೆ ಕಣ್ಣು ಮುಚ್ಚಿಕೊಂಡರು. ನೀರು ಎರಡೂ ತಗ್ಗಿನಿಂದ ಹರಿದು ಬಂದು, ಮಾವನ ಬ್ರೇಕಿನ ತೊಡೆ ಮಾಡಿದ ಇಳಿಜಾರಿನಲ್ಲಿ ಒಂದಾಗಿ, ಒಂದು ಹನಿಯೂ ಉಳಿಯದೆ ನೆಲಕ್ಕಿಳಿಯಿತು.

“ಆ ಬಲಗಡೆ ಬೆಳ್ಳಗಿರೋದು? ಮರಳಿನ ಗುಳಿಯಾ?”

“ಮೈದಾ,” ಎಂದರು ಬೇಕರಿಯವರು.

“ಮರಳಿನ ಗುಳಿ ಮೇಡಂ,” ಎಂದ ಅಳಿಯ.

“ಸರಿಯಾದ ಕಡೆ ಇಟ್ಟಿದ್ದೀರಿ,” ಎನ್ನುತ್ತ ಅಧ್ಯಕ್ಷೆ ಎದ್ದು ಬಟ್ಟೆ ಕೊಡವಿಕೊಂಡರು. “ಇದು ಗ್ರೀನ್. ಒಪ್ಪಿದೆ.”

ಕಂಡಕ್ಟರ್ ಎರಡು ಸೀಟಿ ಹೊಡೆದು “ರೈಟ್” ಎಂದರು. ಟೈಲರಮ್ಮ ಚಪ್ಪಾಳೆ ತಟ್ಟಿದರು. ಅತ್ತೆ ಪೊರಕೆ ಹಿಡಿದುಕೊಂಡೇ ಕಣ್ಣೊರೆಸಿಕೊಂಡರು. ಅಳಿಯನ ಕಾಲು ನೆಲದ ಮೇಲಿರಲಿಲ್ಲ. ಕಲ್ಲು ಕೆತ್ತುವವನು ತನ್ನ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು, ಯಾರ ಹೆಸರು ಬರೆದುಕೊಳ್ಳಲಿ ಎಂದು ಕೇಳಿದ. ಅಳಿಯ ಮೀಸೆಯ ಹಿಟ್ಟು ಒರೆಸಿ, ಗಂಟಲು ಸರಿಮಾಡಿಕೊಂಡ.

ಅಧ್ಯಕ್ಷೆ ಬೆರಳೆತ್ತಿದರು. “ಒಂದು ನಿಮಿಷ. ನಿಯಮ ಇದೆಯಲ್ಲ. ಕೊನೆಯ ಗ್ರೀನನ್ನು ಯಾರು ಮೈ ದಂಡಿಸಿ ರೂಪಿಸಿದರೋ ಅವರ ಹೆಸರು.” ಎಲ್ಲರ ಕಡೆಗೂ ತಿರುಗಿ ಕೇಳಿದರು: “ಇದನ್ನ ರೂಪಿಸಿದ್ದು ಯಾರು?”

“ಇವರೇ,” ಎಂದರು ಅತ್ತೆ, ಮಾವನನ್ನು ತೋರಿಸಿ, ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು. “ರಿಟೈರ್ ಆದಾಗಿಂದ ಇದೇ ಕೆಲಸ. ಬೇರೆ ಏನಾದ್ರೂ ಮಾಡಿ ಅಂದ್ರೆ ಕೇಳಿದ್ದೇ ಇಲ್ಲ.”

“ಆದ್ರೆ ಮೇಡಂ,” ಅಳಿಯ ತಡವರಿಸಿದ, “ಅದನ್ನ ನೋಡಿದ್ದು ನಾನು.”

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಎಲ್ಲೋ ಕೇಳಿದ ಧ್ವನಿ ಅನ್ನಿಸಿತು. ತಲೆಯ ಮೇಲೆ ದೊಡ್ಡ ಟೋಪಿ ಬಂದು ಕೂತ ಹಾಗಾಯಿತು.

“ನೋಡಿದವರ ಹೆಸರು ಬೇಡ ಅಂತ ಷರತ್ತು ಹಾಕಿದ್ದು ನೀವೇ ಅಲ್ವೇ?” ಎಂದರು ಅಧ್ಯಕ್ಷೆ, ಬಹಳ ಮೃದುವಾಗಿ. “ನೋಡಿದವರದ್ದೆಲ್ಲ ಕೆತ್ತಿಸೋದಾದರೆ ನಮ್ಮ ಹೆಸರೂ ಕೆತ್ತಿಸಬೇಕಾಗುತ್ತೆ. ನಾನು ಮಲಗಿಕೊಂಡು ನೋಡಿದ್ದೀನಿ.”

“ಅಳತೆ ತೆಗೆಯೋದು, ನಕ್ಷೆ ಬರೆಯೋದು, ಅದೆಲ್ಲ ನಾನೇ ತಾನೇ ಮಾಡಬೇಕು?”

“ಮತ್ತೆ? ಅದಕ್ಕೆ ಒಬ್ಬ ಅಸಿಸ್ಟೆಂಟ್ ಬೇಕೇ ಬೇಕಲ್ಲ,” ಎಂದರು ಮಾವ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ, ಅಳಿಯನ ಬೆನ್ನು ತಟ್ಟಿ. ಹಿಟ್ಟಿನ ಮೋಡವೊಂದು ಎದ್ದಿತು.

ಕಲ್ಲು ಕೆತ್ತುವವನು ಮಾವನ ಹೆಸರು ಕೇಳಿದ. ಮಾವ ತಮ್ಮ ಹೆಸರು, ಅಪ್ಪನ ಹೆಸರು, ತಾತನ ಹೆಸರು ಎಲ್ಲ ಹೇಳಿದರು. ಅಷ್ಟುದ್ದ ಹಿಡಿಸುವುದಿಲ್ಲ ಎಂದ ಅವನು. ಅಕ್ಷರ ಸಣ್ಣ ಮಾಡಬೇಡಿ, ಬೇಕಾದರೆ ಕಲ್ಲು ದೊಡ್ಡದು ಮಾಡಿ ಎಂದರು ಕಂಡಕ್ಟರ್. ಅಧ್ಯಕ್ಷೆಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಹೊಸಬರ ಅಭ್ಯಾಸಕ್ಕೆಂದು ಕ್ಲಬ್ಬಿನ ಪಕ್ಕ ಇನ್ನೊಂದು ಚಿಕ್ಕ ಗ್ರೀನ್ ಮಾಡುವ ಯೋಚನೆಯಿದೆ, ಅದನ್ನೂ ನೀವೇ ರೂಪಿಸಿ ಕೊಡಬೇಕೆಂದು ಮಾವನಿಗೆ ಕೈಮುಗಿದು ಕೇಳಿಕೊಂಡರು.

ಮಾವ ಕೂಡಲೇ ಒಪ್ಪಲಿಲ್ಲ. ಗುಂಡಿ ಎಂದು ಯಾರೋ ಅಂದದ್ದಕ್ಕೆ, “ಗುಂಡಿ ಅನ್ನಬೇಡಿ, ಗ್ರೀನ್ ಅನ್ನಿ,” ಎಂದು ತಿದ್ದಿದರು. ಇದೆಲ್ಲ ಹೇಳಿದ ತಕ್ಷಣ ಆಗುವ ಕೆಲಸವಲ್ಲ, ಹೊಟ್ಟೆ ತುಂಬಿರಬೇಕು, ಮನಸ್ಸು ಹಗುರವಾಗಿರಬೇಕು, ಸುತ್ತ ಗಲಾಟೆ ಇರಬಾರದು ಎಂದರು. ಅತ್ತೆ ತಟ್ಟೆಯಲ್ಲಿ ಊಟ ತಂದರು. ಬೇಕರಿಯವರು ಬಿಸಿ ಬನ್ನು ತಂದರು. ಟೈಲರಮ್ಮ ಮೇಲಿನಿಂದ ತಮ್ಮ ಹೊಸ ಹಾಸಿಗೆಯನ್ನೇ ಹೊತ್ತು ತಂದು ಹಾಸಿದರು. ಕಂಡಕ್ಟರ್ ಸೀಟಿ ಬಾಯಲ್ಲಿಟ್ಟುಕೊಂಡು ಸಿದ್ಧವಾಗಿ ನಿಂತರು. ಬಾಗಿಲಲ್ಲಿ, ಕಿಟಕಿಯಲ್ಲಿ ಬೀದಿಯವರೆಲ್ಲ ಸೇರಿದ್ದರು. ಅಳಿಯನನ್ನು ಯಾರೋ ನೆಲದ ಮೇಲೆ ಅವನ ಹಳೆಯ ಜಾಗದಲ್ಲೇ ಮಲಗಿಸಿ, ಕೈಗೆ ರಸಮಟ್ಟ ಕೊಟ್ಟಿದ್ದರು.

ಮಾವ ಕೈ ತೊಳೆದು ಬಂದರು. ಹಾಸಿಗೆಯನ್ನು ಒಂದು ಸುತ್ತು ಹಾಕಿ ನೋಡಿದರು. ತೋಳು ಮಡಚಿಕೊಂಡರು, ಕಣ್ಣು ಮುಚ್ಚಿಕೊಂಡರು, ನಿಧಾನವಾಗಿ ಬೆನ್ನು ತಿರುಗಿಸಿದರು. ಯಾರೂ ಮಿಸುಕಲಿಲ್ಲ.

ಆ ಮೌನದಲ್ಲಿ, ನೆಲಕ್ಕೆ ಕೆನ್ನೆ ಹಚ್ಚಿಕೊಂಡೇ, ಅಳಿಯ ಕಲ್ಲು ಕೆತ್ತುವವನ ಪಾದಗಳನ್ನು ಕೇಳಿದ:

“ಕೆಳಗಡೆ ಒಂಚೂರು ಜಾಗ ಉಳಿದ್ರೆ, ಸಣ್ಣಕ್ಷರದಲ್ಲಿ ನನ್ನ ಹೆಸರೂ ಹಾಕ್ತೀರಾ?”